ಯಾರ ಹತ್ರ ಹೇಳುದ್ ಮಾರಾಯಾ?

ಮೂರು ವರ್ಷದ ಹಿಂದಿನ ಮಾತು. ರಾತ್ರಿ ಹನ್ನೊಂದೂವರೆ, ಬೆಂಗಳೂರಿನ ರೂಮಿನಲ್ಲಿ ಕೂತು ಮರುದಿನದ ರಿಲೀಸಿನ ಗಡಿಬಿಡಿಯಲ್ಲಿದ್ದೆ. ಮಾಲ್ದೀವ್ಸ್‌ನಿಂದ ಫೋನು. ಯಡ್ತರೆಯಲ್ಲಿ ನಮ್ಮನೆಯಿಂದ ನಾಲ್ಕು ಗದ್ದೆ ಆಚೆಗಿನ ಮನೆಯ ಅಕ್ಕ. ಬಿ.ಎಡ್ ಮುಗಿಸಿ, ಅಲ್ಲಿನ ಪುಟ್ಟ ದ್ವೀಪವೊಂದರ ಶಾಲೆಯಲ್ಲಿ ಗಣಿತ ಕಲಿಸಲು ಹೋದವಳು.

ಅಪ್ಪಯ್ಯನ ಆಪರೇಷನ್‌ಗೆ ಊರಿಗೆ ಬರಬೇಕಿತ್ತು. ಒಪ್ಪಂದದಲ್ಲಿ ರಜೆ ಇತ್ತು, ಆದರೆ ಮೇಲ್ವಿಚಾರಕಿ ಸಹಿ ಹಾಕುತ್ತಿರಲಿಲ್ಲ. ಬೇಜಾರಾಗಿ ಜೊತೆಗಿದ್ದ ಟೀಚರ್ ಒಬ್ಬರ ಹತ್ತಿರ ಅತ್ತುಕೊಂಡಿದ್ದಳಂತೆ. ಬೆಳಗಾಗುವಷ್ಟರಲ್ಲಿ ಅದೇ ಮಾತು ಉಪ್ಪು ಖಾರ ಸೇರಿಕೊಂಡು ಆಫೀಸು ಮುಟ್ಟಿತ್ತು. ಈಗ ರಜೆಯ ಜೊತೆ ಮುಂದಿನ ವರ್ಷದ ಒಪ್ಪಂದಕ್ಕೂ ಸಂಚಕಾರ.

"ನೀ ಕಂಪ್ಯೂಟರ್ ಜನ ಅಲ್ದಾ? ಎಲ್ ಬರ್ದ್ರೆ ಯಾರಿಗೂ ಗೊತ್ತಾತಿಲ್ಲ ಹೇಳ್. ಯಾರ ಹತ್ರ ಹೇಳುದ್ ಮಾರಾಯಾ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಹುಡುಕುತ್ತಾ ಹೋದಾಗ ತಿಳಿದದ್ದೇನೆಂದರೆ, ಈ ಪ್ರಶ್ನೆ ಹೊಸದಲ್ಲ. ಕೆಲಸ ಕೊಟ್ಟವರು ಸಾವಿರಾರು ಮೈಲಿ ದೂರ, ಪಕ್ಕದಲ್ಲಿದ್ದವರ ಮೇಲೆ ನಂಬಿಕೆಯಿಲ್ಲ, ಊರು ಪರದೇಶ. ಇದೇ ಪರಿಸ್ಥಿತಿಯಲ್ಲಿ ನಮ್ಮ ಕರಾವಳಿಯಲ್ಲೇ ಒಂದು ಕಾಲದಲ್ಲಿ ವಿದೇಶಿ ಮೇಷ್ಟ್ರುಗಳಿದ್ದರು.

1834ರಲ್ಲಿ ಬಾಸೆಲ್ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಎರಡು ವರ್ಷದ ನಂತರ ಬಂದವನು ಹರ್ಮನ್ ಮೋಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವನು ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವಲ್ಲ, ಅವನೇ. 1853ರಲ್ಲಿ ಬಂದವನು ಫರ್ಡಿನೆಂಡ್ ಕಿಟೆಲ್. ಇವರು ಬಂದದ್ದು ಧರ್ಮಪ್ರಚಾರಕ್ಕೇ ಸರಿ. ಆದರೆ ಶಾಲೆ ನಡೆಸುವುದು, ಪಾಠ ಹೇಳುವುದು, ಪುಸ್ತಕ ಮಾಡುವುದು ಇವರ ದಿನಚರಿಯ ದೊಡ್ಡ ಪಾಲಾಗಿತ್ತು.

ಇವರ 'ಹೆಡ್ ಆಫೀಸ್' ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿನ ಕಮಿಟಿಯ ಮಾತೇ ಕೊನೆ. ಯಾರು ಯಾವ ಊರಿನಲ್ಲಿರಬೇಕು ಎನ್ನುವುದನ್ನು ಕಮಿಟಿ ತೀರ್ಮಾನಿಸುತ್ತಿತ್ತು. ಮದುವೆಗೂ ಅದರ ಒಪ್ಪಿಗೆ ಬೇಕಿತ್ತು. ಸೂಯೆಜ್ ಕಾಲುವೆ ತೆರೆದದ್ದೇ 1869ರಲ್ಲಿ. ಅದಕ್ಕೂ ಮೊದಲು ಇಲ್ಲಿಂದ ಹೋದ ಕಾಗದಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ಜಗಳವಾಡಿದ ಇಬ್ಬರು ಅಷ್ಟೂ ದಿನ ಒಂದೇ ಊಟದ ಮೇಜಿನಲ್ಲಿ ಎದುರುಬದುರು ಕೂರಬೇಕು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ನಿಯಮ. ಜೊತೆಗಾರನ ತಪ್ಪನ್ನು ಕಂಡರೆ ಅದನ್ನು ಕಮಿಟಿಗೆ ಬರೆಯುವುದು ಇಲ್ಲಿ ಚಾಡಿಯಲ್ಲ, ಕರ್ತವ್ಯ. ಒಬ್ಬರ ಮೇಲೊಬ್ಬರು ಕಣ್ಣಿಡಬೇಕು, ವರದಿ ಕಳಿಸಬೇಕು. ಅಂದರೆ ಮನಸ್ಸಿನ ಭಾರ ಇಳಿಸಿಕೊಳ್ಳಲು ಇದ್ದ ಒಬ್ಬನೇ ಒಬ್ಬ ಗೆಳೆಯ ನಿಮ್ಮ ಬಗ್ಗೆ ವರದಿ ಬರೆಯುವವನೂ ಹೌದು. ದೂರು ಕೇಳುವವರು, ತೀರ್ಪು ಕೊಡುವವರು, ಸಂಬಳ ಕೊಡುವವರು ಎಲ್ಲ ಒಂದೇ ಕಮಿಟಿ. ಆ ಕಾಗದಪತ್ರಗಳು ಬಾಸೆಲ್‌ನ ಆರ್ಕೈವಿನಲ್ಲಿ ಈಗಲೂ ಇವೆ.

ಇದರ ಬಿಸಿ ದೊಡ್ಡವರಿಗೂ ತಟ್ಟಿತು. 1851-52ರಲ್ಲಿ ಮಿಷನ್ನಿನ ಮುಖ್ಯಸ್ಥ ಯೋಸೆನ್‌ಹಾನ್ಸ್ ಖುದ್ದಾಗಿ ಇಲ್ಲಿಗೆ ಬಂದು ಶಿಸ್ತು ಬಿಗಿ ಮಾಡಿದ. ಅಲ್ಲಿಯವರೆಗೆ ಸ್ಥಳೀಯ ಹುಡುಗರ ಜೊತೆ ಅವರಂತೆಯೇ ಬದುಕಬೇಕು ಎನ್ನುತ್ತಿದ್ದ ಮೋಗ್ಲಿಂಗ್‌ಗೆ ಉಸಿರು ಕಟ್ಟಿತು. ಅವನು ಮಂಗಳೂರು ಬಿಟ್ಟು, ಕಮಿಟಿಯ ಹಿಡಿತದಿಂದ ದೂರವಾಗಿ ಕೊಡಗಿಗೆ ಹೋದ. ಕಿಟೆಲ್‌ಗೂ ಸಹೋದ್ಯೋಗಿಗಳಿಗೂ ಸರಿಹೊಂದುತ್ತಿರಲಿಲ್ಲ. ಭಾಷೆಯ ಕೆಲಸದಲ್ಲೇ ಮುಳುಗಿ ಪ್ರಚಾರದ ಕೆಲಸ ಬಿಟ್ಟಿದ್ದಾನೆ ಎಂಬ ಆಕ್ಷೇಪ. ಆ 'ಬಿಟ್ಟ ಕೆಲಸ'ದ ಫಲವಾಗಿ 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಅವನು ನಿಭಾಯಿಸಿಕೊಂಡ, ಸರಿ. ನಿಭಾಯಿಸಲಾಗದೆ ವಾಪಸಾದವರ ಹೆಸರು ಯಾವ ಪಠ್ಯಪುಸ್ತಕದಲ್ಲಿದೆ?

ಇಪ್ಪತ್ತನೇ ಶತಮಾನದಲ್ಲಿ ದಿಕ್ಕು ತಿರುಗಿತು. ಹೈಲೆ ಸೆಲಾಸಿಯ ಇಥಿಯೋಪಿಯಾಕ್ಕೆ, ಭೂತಾನಿಗೆ, ಮಾಲ್ದೀವ್ಸ್‌ಗೆ ಮೇಷ್ಟ್ರುಗಳಾಗಿ ಭಾರತದವರೇ ಹೋದರು. ಇವರಂತೆ ಹೊರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆ ನಮ್ಮ ಸರ್ಕಾರ 1983ರಲ್ಲಿ ವಲಸೆ ಕಾಯ್ದೆ ತಂದಿತು. 2009ರಲ್ಲಿ ಬಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಕಷ್ಟದಲ್ಲಿರುವವರಿಗೆ ರಾಯಭಾರ ಕಚೇರಿಗಳು ವಸತಿ, ವಿಮಾನದ ಟಿಕೆಟ್, ಆರಂಭದ ಕಾನೂನು ನೆರವು ಕೊಡಬಹುದು. 2015ರಲ್ಲಿ 'ಮದದ್' ಪೋರ್ಟಲ್ ಬಂತು. ದೂರು ಹಾಕಿದರೆ ಒಂದು ನಂಬರು ಬರುತ್ತದೆ, ಅದು ಎಲ್ಲಿಗೆ ಮುಟ್ಟಿತೆಂದು ನೋಡಬಹುದು.

ಅಕ್ಕನಿಗೆ ನಾನು ಹೆಮ್ಮೆಯಿಂದ ಹೇಳಿದ್ದು ಇದನ್ನೇ. ಅವಳ ಮೊದಲ ಪ್ರಶ್ನೆ: "ಹೆಸ್ರು ಹಾಕ್ಕಾ?" ಹಾಕಬೇಕು, ಪಾಸ್‌ಪೋರ್ಟ್ ವಿವರವನ್ನೂ ಕೊಡಬೇಕು. ಆಚೆಯಿಂದ ಸದ್ದೇ ಇಲ್ಲ. ಆಗ ನನಗೆ ಅರ್ಥವಾಯ್ತು. ಸಂಬಳ ಕೊಡದಿದ್ದರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ದೂರು ಬೇಕೇ ಬೇಕು. ಆದರೆ ಅವಳಿಗೆ ಆ ರಾತ್ರಿ ಬೇಕಿದ್ದದ್ದು ಟಿಕೆಟ್ ನಂಬರಲ್ಲ, ಹೇಳಿದ್ದನ್ನು ಹೊರಗೆ ಬಿಡದ ಒಂದು ಕಿವಿ.

ಅದು ಸಿಕ್ಕಿದ್ದು ಪೋರ್ಟಲ್ಲಿನಲ್ಲಲ್ಲ, ದ್ವೀಪದ ಆರೋಗ್ಯ ಕೇಂದ್ರದಲ್ಲಿ. ಅಲ್ಲಿದ್ದ ಕೇರಳದ ಹಿರಿಯ ನರ್ಸ್ ಒಬ್ಬರಿಗೂ ಶಾಲೆಗೂ ಲೇವಾದೇವಿ ಇರಲಿಲ್ಲ. ಅವರು ಪೂರ್ತಿ ಕೇಳಿದರು. ಕೊನೆಗೆ ಕೇಳಿದ್ದು ಒಂದೇ: "ಇದರಲ್ಲಿ ಯಾವುದನ್ನು ನಾನು ಆಚೆ ಹೇಳಬಹುದು, ಯಾವುದನ್ನು ಹೇಳಬಾರದು?" ಆಮೇಲೆ ಮೇಲ್ವಿಚಾರಕಿಯ ಮಾತನ್ನೂ ಪ್ರತ್ಯೇಕವಾಗಿ ಕೇಳಿದರು. ಆ ಹೆಂಗಸಿಗೂ ಒಂದು ಭಯವಿತ್ತು. ಪರೀಕ್ಷೆ ಹತ್ತಿರ ಬಂದಿತ್ತು, ಗಣಿತಕ್ಕೆ ಬೇರೆ ಟೀಚರ್ ಇರಲಿಲ್ಲ. ಮೂರನೇ ದಿನ ಇಬ್ಬರನ್ನೂ ಚಹಾಕ್ಕೆ ಕೂರಿಸಿದರು. ಪರೀಕ್ಷೆ ಮುಗಿದ ಮರುದಿನದಿಂದ ಹತ್ತು ದಿನ ರಜೆ ಎಂದು ಕಾಗದದ ಮೇಲೆ ಬಂತು.

ಅಕ್ಕ ಊರು ಮುಟ್ಟುವಾಗ ಆಪರೇಷನ್ ಆಗಿ ಎರಡು ದಿನ ಕಳೆದಿತ್ತು. ಅಪ್ಪಯ್ಯ ಮಾತಾಡಿದರು. ಆದರೂ ಆ ಎರಡು ದಿನದ ನೋವು ಅವಳಿಗೆ ಈಗಲೂ ಇದೆ.

ನಮ್ಮ ಕಂಪನಿಗಳಲ್ಲೂ 'ನಿಮ್ಮ ಮಾತು ಗುಟ್ಟಾಗಿರುತ್ತದೆ' ಎನ್ನುವ ಪೋಸ್ಟರ್ ಲಿಫ್ಟಿನ ಪಕ್ಕ ಇರುತ್ತದೆ. ಓದುವಾಗ ನಾನೀಗ ಕೇಳಿಕೊಳ್ಳುವುದು, ಈ ಕಿವಿಯ ಸಂಬಳ ಯಾರ ಕೈಯಲ್ಲಿದೆ? ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಆಂತರಿಕ ಸಮಿತಿಯಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು ಎಂದಿತು, ವಿವರ ಬಯಲು ಮಾಡುವುದನ್ನು ನಿಷೇಧಿಸಿತು. ಬಾಸೆಲ್‌ನ ಕಮಿಟಿ ಕಲಿಯದ ಪಾಠ ಅದು. ಪರದೇಶದ ಶಾಲೆಗೆ ಹೋಗುವ ಮೇಷ್ಟ್ರುಗಳಿಗೆ ಅಂಥದ್ದೊಂದು ಹೊರಗಿನ ಕಿವಿಯನ್ನು ನಾವಿನ್ನೂ ಕಟ್ಟಿಕೊಟ್ಟಿಲ್ಲ. ಆ ದ್ವೀಪದಲ್ಲಿ ಒಬ್ಬ ನರ್ಸ್ ಇದ್ದದ್ದು ಅದೃಷ್ಟ, ಅಷ್ಟೇ.

ಅಕ್ಕ ಈಗಲೂ ಅಲ್ಲೇ ಇದ್ದಾಳೆ, ಬೇರೊಂದು ದ್ವೀಪದಲ್ಲಿ. ಹೊಸದಾಗಿ ಬಂದ ಬೇರೆ ಬೇರೆ ಶಾಲೆಯ ಟೀಚರುಗಳು ರಾತ್ರಿ ಅವಳಿಗೆ ಫೋನು ಮಾಡುತ್ತಾರಂತೆ. ಎಂತ ಹೇಳ್ತೀ ಅವರಿಗೆಲ್ಲ ಎಂದು ಕೇಳಿದೆ.

"ಅದೆಲ್ಲ ನಿನ್ನತ್ರ ಹೇಳುಕಾತ್ತಿಲ್ಲ ಮಾರಾಯಾ" ಅಂದಳು.