ತಾಲೀಮಿನಿಂದ ತರಬೇತಿಗೆ, ಮತ್ತೆ ತಾಲೀಮಿಗೆ

1959ರಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ಚರ್ಚೊಂದರ ನೆಲಮಾಳಿಗೆಯಲ್ಲಿ ಕಾಲೇಜು ಹುಡುಗ ಹುಡುಗಿಯರು ಸೇರುತ್ತಿದ್ದರು. ಕುರ್ಚಿಗಳನ್ನು ಸಾಲಾಗಿ ಇಟ್ಟರೆ ಅದೇ ಹೋಟೆಲಿನ ಕೌಂಟರ್. ಕೆಲವರು ಊಟ ಕೇಳುವ ಕಪ್ಪು ಗಿರಾಕಿಗಳು. ಉಳಿದವರು ಪುಂಡರಾಗಿ ಅವರನ್ನು ಬೈಯಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು, ಕುರ್ಚಿಯಿಂದ ಎಳೆದು ಕೆಡವಬೇಕು. ಬಿದ್ದಾಗ ತಲೆ ಕಾಪಾಡಿಕೊಳ್ಳುವುದು ಹೇಗೆ, ಕೈ ಎತ್ತದೆ ಎದ್ದು ಮತ್ತೆ ಅಲ್ಲೇ ಕೂರುವುದು ಹೇಗೆ ಎಂಬುದೇ ಪಾಠ. ಇದನ್ನು ನಡೆಸುತ್ತಿದ್ದ ಜೇಮ್ಸ್ ಲಾಸನ್ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು, ಗಾಂಧೀಜಿಯ ಸತ್ಯಾಗ್ರಹವನ್ನು ಅಭ್ಯಾಸ ಮಾಡಿಕೊಂಡು ಹೋಗಿದ್ದವರು. ಮುಂದೆ ನಾಗರಿಕ ಹಕ್ಕು ಹೋರಾಟದ ನಾಯಕರೆನಿಸಿದ ಡಯೇನ್ ನ್ಯಾಶ್, ಜಾನ್ ಲೂಯಿಸ್ ಪಳಗಿದ್ದು ಇಲ್ಲೇ. 1960ರ ಫೆಬ್ರವರಿಯಲ್ಲಿ ಇವರೆಲ್ಲ ಕಪ್ಪು ಜನರಿಗೆ ಊಟ ಬಡಿಸದ ಅಂಗಡಿಗಳ ಕೌಂಟರಿಗೇ ಹೋಗಿ ಕೂತರು; ಏಟು ತಿಂದರು, ಜೈಲಿಗೂ ಹೋದರು. ಮೇ 10ರಂದು ಪೇಟೆಯ ಆರು ಅಂಗಡಿಗಳು ಕಪ್ಪು ಜನರಿಗೂ ಊಟ ಬಡಿಸಿದವು.

ಪ್ರೇಕ್ಷಕರನ್ನೂ ಒಳಗೊಳ್ಳುವ ರಂಗಭೂಮಿಯ ಚರಿತ್ರೆಯನ್ನು ಸಾಮಾನ್ಯವಾಗಿ ಬ್ರೆಜಿಲಿನ ಅಗಸ್ಟೊ ಬೋಆಲ್ ಅವರಿಂದ ಆರಂಭಿಸುವ ರೂಢಿ. ಜನಾಂಗಭೇದದ ಮಾತು ಬಂದಾಗ ಈ ನೆಲಮಾಳಿಗೆಯೇ ಸರಿಯಾದ ಆರಂಭವೆಂದು ನನ್ನ ಎಣಿಕೆ. ಇಲ್ಲಿ ಅವಮಾನ ಉಂಡವರೇ ಆಡುವವರು. ಮುರಿಯಬೇಕಾದ ಕಟ್ಟಳೆ ಯಾವುದೆಂಬುದೂ ಅವರಿಗೆ ಸ್ಪಷ್ಟ. ಮುಂದೆ ಈ ಎರಡೂ ಎಷ್ಟೋ ಸಲ ಕೈತಪ್ಪಿಹೋದವು.

ಇತರ ಬೇರುಗಳೂ ಇಲ್ಲದಿಲ್ಲ. ರಿಯೊ ನಗರದಲ್ಲಿ ಅಬ್ದಿಯಾಸ್ ದೊ ನಾಸಿಮೆಂಟೊ 1944ರಲ್ಲೇ ಕಪ್ಪು ಜನರ ಪ್ರಾಯೋಗಿಕ ರಂಗತಂಡ ಕಟ್ಟಿದ್ದರು. ಮನೆಗೆಲಸದವರು, ಕೂಲಿಕಾರರು ಅಲ್ಲಿ ನಟನೆಯ ಜೊತೆಗೆ ಓದುಬರಹ ಕಲಿತರು. 1963ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದ ಫ್ರೀ ಸದರ್ನ್ ಥಿಯೇಟರ್ ಹಳ್ಳಿಗಳಿಗೆ ನಾಟಕ ಒಯ್ದು, ಆಟ ಮುಗಿದ ಮೇಲೆ ಜನರನ್ನೇ ಮಾತಿಗೆಳೆಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಜಾನ್ ಓನೀಲ್ ಮುಂದೆ ಬೆಳೆಸಿದ್ದು ಕಥಾವೃತ್ತ: ಸುತ್ತ ಕೂರುವುದು, ಒಬ್ಬೊಬ್ಬರೂ ತಮ್ಮ ಅನುಭವ ಹೇಳುವುದು, ನಡುವೆ ಯಾರೂ ವಾದ ಹೂಡದಿರುವುದು.

ಇನ್ನು ಬೋಆಲ್. ಬ್ರೆಜಿಲಿನ ಈಶಾನ್ಯ ಭಾಗದ ರೈತರ ಮುಂದೆ ಅವರ ತಂಡ ನೆಲಕ್ಕಾಗಿ ನೆತ್ತರು ಚೆಲ್ಲೋಣವೆಂದು ಹಾಡಿತು. ವಿರ್ಜೀಲಿಯೊ ಎಂಬ ರೈತ ಕರಗಿಹೋಗಿ, ನಡೆಯಿರಿ, ನಿಮ್ಮ ಬಂದೂಕು ತನ್ನಿ, ಜಮೀನ್ದಾರನನ್ನು ಓಡಿಸೋಣ ಎಂದ. ಬಂದೂಕುಗಳು ಆಟದವು. ನಟರು ಮುಖ ಮುಚ್ಚಿಕೊಳ್ಳುವಂತಾಯಿತು. ತಾನು ತೆರಲಾರದ ಬೆಲೆಯನ್ನು ಇನ್ನೊಬ್ಬರು ತೆರಲಿ ಎನ್ನುವ ನಾಟಕ ಇನ್ನು ಬೇಡವೆಂದು ಬೋಆಲ್ ಅಂದೇ ನಿಶ್ಚಯಿಸಿದರು. 1971ರಲ್ಲಿ ಸೆರೆ, ಚಿತ್ರಹಿಂಸೆ, ನಂತರ ದೇಶಭ್ರಷ್ಟತೆ. 1973ರಲ್ಲಿ ಪೆರು ದೇಶದ ಸಾಕ್ಷರತಾ ಕಾರ್ಯಕ್ರಮದಲ್ಲಿ ಫೋರಂ ಥಿಯೇಟರ್ ರೂಪುಗೊಂಡಿತು. ಅನ್ಯಾಯದ ಪ್ರಸಂಗವನ್ನು ಒಮ್ಮೆ ಪೂರ್ತಿ ಆಡಿ, ಮತ್ತೆ ಮೊದಲಿಂದ ಆಡುತ್ತಾರೆ. ಈ ಸಲ ಪ್ರೇಕ್ಷಕರಲ್ಲಿ ಯಾರಾದರೂ ನಿಲ್ಲಿಸಿ ಎಂದು ಕೂಗಿ, ಮೇಲೆ ಬಂದು, ತುಳಿತಕ್ಕೊಳಗಾದವನ ಪಾತ್ರ ವಹಿಸಿಕೊಂಡು ಬೇರೆ ದಾರಿ ಪ್ರಯತ್ನಿಸಬಹುದು.

ತರಬೇತಿಯ ಕವಲು ಬೇರೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಯೋವಾದ ಶಿಕ್ಷಕಿ ಜೇನ್ ಎಲಿಯಟ್ ಮೂರನೇ ತರಗತಿಯ ಬಿಳಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳೆಂದು ವಿಂಗಡಿಸಿದರು. ಮುಂದೆ ಈ ಆಟವನ್ನು ಕಚೇರಿಗಳ ದೊಡ್ಡವರಿಗೂ ಆಡಿಸಿದರು. ಇಲ್ಲಿ ಗುರಿ ಕಟ್ಟಳೆಯಲ್ಲ, ಬಿಳಿಯರ ಮನಸ್ಸು. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ಜನಾಂಗಭೇದ ಅರಿವಿನ ತರಬೇತಿ ಹಬ್ಬಿದಾಗ, ಶ್ರೀಲಂಕಾ ಮೂಲದ ಚಿಂತಕ ಎ. ಶಿವಾನಂದನ್ 1985ರಲ್ಲಿ ಅದನ್ನು ಜಾಡಿಸಿದರು: ಅಧಿಕಾರದ ಪ್ರಶ್ನೆಯನ್ನು ಇದು ವೈಯಕ್ತಿಕ ಪಾಪಪ್ರಜ್ಞೆಗೆ ಇಳಿಸುತ್ತದೆ ಎಂಬುದು ಅವರ ವಾದ. ಆ ವಾದ ಹಳತಾಗಿಲ್ಲ. 2018ರ ಮೇ 29ರಂದು ಕಾಫಿ ಕಂಪನಿ ಸ್ಟಾರ್‌ಬಕ್ಸ್ ಅಮೆರಿಕದ ಸುಮಾರು 8,000 ಮಳಿಗೆಗಳನ್ನು ಒಂದು ಮಧ್ಯಾಹ್ನ ಮುಚ್ಚಿ ಸಿಬ್ಬಂದಿಗೆ ಜನಾಂಗಭೇದದ ಕುರಿತು ಪಾಠ ಹೇಳಿಸಿತು. ಕಡ್ಡಾಯ ತರಬೇತಿ ಕೊಟ್ಟ ಕಂಪನಿಗಳಲ್ಲಿ ಐದು ವರ್ಷದ ಬಳಿಕ ಮ್ಯಾನೇಜರುಗಳಲ್ಲಿ ಕಪ್ಪು ಮಹಿಳೆಯರ ಪಾಲು ಹೆಚ್ಚುವುದಿರಲಿ, ಶೇ. 9ರಷ್ಟು ಇಳಿದಿತ್ತೆಂದು ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್ ಅಷ್ಟರಲ್ಲಾಗಲೇ ತೋರಿಸಿದ್ದರು.

ಫೋರಂ ಥಿಯೇಟರಿಗೂ ತನ್ನದೇ ತೊಡಕಿದೆ. ಪೊಲೀಸ್ ತಡೆದಾಗ ಕಪ್ಪು ಹುಡುಗ ಹೀಗೆ ಮಾತಾಡಿದ್ದರೆ, ಹಾಗೆ ನಿಂತಿದ್ದರೆ ಎಂದು ಹತ್ತು ಜನ ಹತ್ತು ಉಪಾಯ ಆಡಿ ತೋರಿಸಿದರೆ, ಬದಲಾಗಬೇಕಾದವನು ಆ ಹುಡುಗನೇ ಎಂದಾಗಿಬಿಡುತ್ತದೆ. ಉಪಾಯ ತೋರಿಸಲು ಬಂದವರು ಬಿಳಿಯರಾದರೆ ಇನ್ನೂ ಕಸಿವಿಸಿ.

ಇದಕ್ಕೆ ಒಂದು ಉತ್ತರ ಬೋಆಲ್ ಅವರೇ ಹುಡುಕಿದ್ದು. 1993ರಿಂದ 1996ರವರೆಗೆ ರಿಯೊ ನಗರಸಭೆಯ ಸದಸ್ಯರಾಗಿದ್ದಾಗ ಅವರು ಬಡಾವಣೆಗಳ ನಾಟಕಗಳಲ್ಲಿ ಹೊಮ್ಮಿದ ಸಲಹೆಗಳನ್ನು ಮಸೂದೆಗಳಾಗಿಸಿದರು. 13 ಕಾನೂನುಗಳಾದವು. ಮರುಚುನಾವಣೆಯಲ್ಲಿ ಸೋತರು, ಅದು ಬೇರೆ ಮಾತು. ನ್ಯೂಯಾರ್ಕಿನಲ್ಲಿ 2011ರಲ್ಲಿ ಆರಂಭವಾದ ಥಿಯೇಟರ್ ಆಫ್ ದಿ ಅಪ್ರೆಸ್ಡ್ ತಂಡ ಇದೇ ಜಾಡು ಹಿಡಿದಿದೆ. ಅಲ್ಲಿ ಮನೆಯಿಲ್ಲದವರು, ಜೈಲು ಕಂಡವರು ತಮ್ಮ ಮೇಲೆ ನಡೆದದ್ದನ್ನು ತಾವೇ ಆಡುತ್ತಾರೆ. ಪ್ರೇಕ್ಷಕರು ಮೊದಲು ವೇದಿಕೆಗೆ ಬಂದು ಪ್ರಯತ್ನಿಸುತ್ತಾರೆ. ಯಾವ ಉಪಾಯವೂ ಫಲಿಸದ ಜಾಗದಲ್ಲಿ ಯಾವ ನಿಯಮ ಬದಲಾಗಬೇಕೆಂದು ಪ್ರಸ್ತಾವ ಸಿದ್ಧಪಡಿಸಿ ಮತ ಹಾಕುತ್ತಾರೆ. ಆಹ್ವಾನದ ಮೇಲೆ ಬಂದು ಕೂತ ಜನಪ್ರತಿನಿಧಿಗಳು, ಗೆದ್ದ ಪ್ರಸ್ತಾವಕ್ಕೆ ತಾವೇನು ಮಾಡುತ್ತೇವೆಂದು ಎಲ್ಲರೆದುರಿಗೇ ಹೇಳಬೇಕು.