ಬೊಮ್ಮಸಂದ್ರದ ಕಣಗಳು
ಬದುಕಿನ ಒಂದು ಕಾಲ ಮರಳಿ ಸಿಗುವುದಾದರೆ ನನಗೆ ಹತ್ತು-ಹನ್ನೆರಡರ ವಯಸ್ಸಿನ ಸುಗ್ಗಿಗಳು ಬೇಕು. ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ ಆಗ ರಾಗಿಯ ಊರು. ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಮೆದೆ ಬಿಚ್ಚುವ ಮುಂಚೆ ಕಣವಾಗಬೇಕು. ನೆಲ ಕೆತ್ತಿ, ನೀರು ಚಿಮುಕಿಸಿ, ಬಡಿದು, ಸಗಣಿ ಬಗ್ಗಡ ಸಾರಿಸಿದರೆ ಒಂದು ಕಾಳೂ ಮಣ್ಣುಪಾಲಾಗುತ್ತಿರಲಿಲ್ಲ. ಎತ್ತುಗಳು ಕಲ್ಲುಗುಂಡು ಎಳೆದು ಸುತ್ತುತ್ತಿದ್ದವು. ಅಜ್ಜಿ ಮೊರ ಎತ್ತಿ ತೂರುವಾಗ, “ಗಾಳಿಗೆ ಎದುರು ನಿಲ್ಬೇಡ ಮಗಾ, ಕಣ್ಣಿಗೆ ಹೊಟ್ಟು ಬೀಳ್ತದೆ” ಅನ್ನುತ್ತಿದ್ದಳು.

ರಾಶಿ ಪೂಜೆಯಾದ ಮೇಲೆ ಕಮ್ಮಾರ, ಕ್ಷೌರಿಕ, ಅಗಸರಿಗೆ ಅವರ ದುಡಿಮೆಯ ಪಾಲಾಗಿ ಆಯದ ರಾಗಿ. ಅದನ್ನು ಮೊರದಲ್ಲಿ ತುಂಬಿ ಕೊಡುವುದು ನನ್ನ ಪಾಲಿನ ಕೆಲಸ. ಊರಿಗೆ ನಾನೂ ಬೇಕಾದವನು ಅನ್ನಿಸಿದ್ದು ಅಲ್ಲಿ. ಆ ಕಾಲ ಬೇಕೆನ್ನುವುದು ಅದಕ್ಕೇ.

ಆಮೇಲಿನ ವರ್ಷಗಳಲ್ಲಿ ಒಕ್ಕಲು ಮಾಡಲು ತೆನೆ ಹೊಸೂರು ರಸ್ತೆಗೆ ಬಂತು, ಲಾರಿ ಚಕ್ರಗಳೇ ತುಳಿದವು. ಹೊಲ ಹೋಗುವ ಮುನ್ನವೇ ಕಣ ಸತ್ತಿತ್ತು ಎಂದೇ ನನ್ನ ನಂಬಿಕೆ: ಟಾರಿನ ಮೇಲೆ ಪಾಲು ಕೇಳಲು ಯಾರು ಬಂದಾರು?

1978ರಲ್ಲಿ ಪಕ್ಕದಲ್ಲೇ ಎಲೆಕ್ಟ್ರಾನಿಕ್ ಸಿಟಿ ಹುಟ್ಟಿತು. ಕೈಗಾರಿಕಾ ಪ್ರದೇಶ ಹಬ್ಬಿತು. 2000ದಲ್ಲಿ ನಾರಾಯಣ ಹೃದಯಾಲಯ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ. ಮಗ ಇಲ್ಲೇ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಅವನಿಗೆ ಆಯದ ಪದ್ಧತಿ ಹೇಳಬೇಕಾದರೆ ಮೊದಲು ಕಣವೆಂದರೇನೆಂದು ವಿವರಿಸಬೇಕು.