ಸ್ತನವರ್ಧನ ಶಸ್ತ್ರಕ್ರಿಯೆಯ ಅನಂತರದ ಚೇತರಿಕೆ: ಕಾಲಾವಧಿಯ ಇತಿಹಾಸ

ಸ್ತನವರ್ಧನ ಶಸ್ತ್ರಕ್ರಿಯೆಗೆ ಒಳಗಾದ ಸ್ತ್ರೀಯು ಎಷ್ಟು ಕಾಲದಲ್ಲಿ ಚೇತರಿಸಿಕೊಳ್ಳುವಳು ಎಂಬ ಪ್ರಶ್ನೆಗೆ ವೈದ್ಯಗ್ರಂಥಗಳಲ್ಲಿಯೂ ಆಸ್ಪತ್ರೆಗಳು ಕೊಡುವ ಸೂಚನಾಪತ್ರಗಳಲ್ಲಿಯೂ ದೊರೆಯುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ದಿನವೆಂದು ಕೆಲವರು ಬರೆದಿದ್ದಾರೆ. ಒಂದು ವಾರವೆಂದು ಹಲವರು, ಆರು ವಾರವೆಂದು ಮತ್ತೆ ಕೆಲವರು ಹೇಳುತ್ತಾರೆ. ವರ್ಷ ತುಂಬುವವರೆಗೆ ಚೇತರಿಕೆ ಮುಗಿಯಿತೆನ್ನಲಾಗದು ಎನ್ನುವವರೂ ಉಂಟು. ಇವರಲ್ಲಿ ಯಾರೂ ಸುಳ್ಳು ಹೇಳಿದವರಲ್ಲ. ಎದ್ದು ನಡೆಯುವ ಶಕ್ತಿ, ನೋವಿನ ಉಪಶಮನ, ಹೊಲಿಗೆಯ ಗಾಯ ಕೂಡಿಕೊಳ್ಳುವುದು, ದುಡಿಮೆಗೆ ಹಿಂದಿರುಗುವುದು, ಅಂಗವು ತನ್ನ ಕಡೆಯ ಆಕಾರಕ್ಕೆ ನೆಲೆಗೊಳ್ಳುವುದು ಎಂಬ ಐದು ಸಂಗತಿಗಳನ್ನು ಒಬ್ಬೊಬ್ಬರು ಒಂದೊಂದಾಗಿ ಅಳೆದು ಎಲ್ಲಕ್ಕೂ ಚೇತರಿಕೆಯೆಂಬ ಒಂದೇ ಹೆಸರನ್ನು ಕೊಟ್ಟುದರಿಂದ ಈ ಗೊಂದಲ ಹುಟ್ಟಿತು. ಈ ಅವಧಿಯ ಇತಿಹಾಸವೆಂದರೆ ಬಹುಮಟ್ಟಿಗೆ ಅಳತೆಯ ಗುರಿ ಬದಲಾಗುತ್ತ ಬಂದುದರ ಇತಿಹಾಸ.

ಗಾಯವು ಕೂಡುವುದೂ ಅದು ಗಟ್ಟಿಯಾಗುವುದೂ ಬೇರೆ ಬೇರೆ ಎಂಬ ವಿವೇಕವು ಭಾರತೀಯ ಶಲ್ಯತಂತ್ರದಲ್ಲಿ ಪ್ರಾಚೀನವಾದದ್ದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ, ವ್ರಣವು ಮಾಯ್ದ ಮೇಲೆಯೂ ಅದಕ್ಕೆ ಸ್ಥೈರ್ಯವುಂಟಾಗುವ ತನಕ ರೋಗಿಯು ಅಜೀರ್ಣ, ವ್ಯಾಯಾಮ, ಸಂಭೋಗಗಳನ್ನೂ ಅತಿಹರ್ಷ, ಕ್ರೋಧ, ಭಯಗಳನ್ನೂ ವರ್ಜಿಸಬೇಕೆಂಬ ವಿಧಿಯಿದೆ. ಗಾಯಗೊಂಡವನ ಶುಶ್ರೂಷೆಗೇ ಮೀಸಲಾದ ಪ್ರತ್ಯೇಕ ಅಧ್ಯಾಯವೊಂದು ಅಲ್ಲಿಯೇ ಇದ್ದು, ಮಲಗುವ ಮನೆಯ ಶುಚಿ, ಹಗಲುನಿದ್ರೆಯ ನಿಷೇಧ, ಇಷ್ಟಜನರ ಹಿತವಾದ ಮಾತುಕತೆ, ಆಹಾರದ ಪಥ್ಯ ಇವೆಲ್ಲವನ್ನೂ ನಿರೂಪಿಸುತ್ತದೆ. ಶಸ್ತ್ರಕ್ರಿಯೆಯಾದವರಿಗೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಇಂದಿಗೂ ಹಿರಿಯರು ಹೇಳುವ ಪಥ್ಯದ ಕಟ್ಟಳೆಗಳಿಗೂ ಈ ಅಧ್ಯಾಯಕ್ಕೂ ಇರುವ ಹೋಲಿಕೆ ಗಮನಾರ್ಹವಾದುದು.

ರೂಪಪುನರ್ನಿರ್ಮಾಣದ ಶಸ್ತ್ರಕ್ರಿಯೆಯೊಂದರ ಚೇತರಿಕೆಯನ್ನು ದಿನವೆಣಿಸಿ ಬರೆದಿಟ್ಟ, ಕನ್ನಡ ನಾಡಿನೊಡನೆ ನೇರ ಸಂಬಂಧವುಳ್ಳ ಮಹತ್ವದ ದಾಖಲೆಯು ಮೂಗಿಗೆ ಸಂಬಂಧಿಸಿದ್ದು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕೊವಾಸ್ಜಿ ಎಂಬ ಮರಾಠಾ ಚಾಕರನು ಟಿಪ್ಪು ಸುಲ್ತಾನನ ಸೆರೆಗೆ ಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆಯೇ ಇದ್ದ ಆತನಿಗೆ ಪುಣೆಯ ಬಳಿ, ಇಟ್ಟಿಗೆ ಮಾಡುವ ಕುಲದ ವೈದ್ಯನೊಬ್ಬನು ಹಣೆಯ ಚರ್ಮವನ್ನು ಇಳಿಬಿಟ್ಟು ಹೊಸ ಮೂಗನ್ನು ಕಟ್ಟಿಕೊಟ್ಟನು. ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ 1794ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಪತ್ರದಲ್ಲಿ ಕ್ರಿಯೆಯ ವಿಧಾನದಷ್ಟೇ ಶ್ರದ್ಧೆಯಿಂದ ಅದರ ಅನಂತರದ ದಿನಗಳೂ ವರ್ಣಿತವಾಗಿವೆ. ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು, ಅಂಥ ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಕೂಡಿಸಿ, ನಾಲ್ಕು ದಿನ ಹಾಗೆಯೇ ಬಿಡುವುದು. ಬಳಿಕ ಅವನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕುವುದು. ಮೊದಲ ಐದಾರು ದಿನ ರೋಗಿಯನ್ನು ಅಂಗಾತ ಮಲಗಿಸಿರುವುದು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆ ತುರುಕುವುದು. ಇಪ್ಪತ್ತೈದನೆಯ ದಿನದ ಹೊತ್ತಿಗೆ ಹಣೆಗೂ ಮೂಗಿಗೂ ನಡುವೆ ಸೇತುವಾಗಿದ್ದ ಚರ್ಮವನ್ನು ಕತ್ತರಿಸುವುದು. ಹೊಸ ಅಂಗಕ್ಕೆ ರಕ್ತಸಂಚಾರ ಸ್ವತಂತ್ರವಾಗಿ ನೆಲೆಗೊಳ್ಳಲು ಮೂರು ವಾರ ಮೀರಿ ಕಾಯಬೇಕೆಂಬುದನ್ನು ಆ ವೈದ್ಯನು ಪರಂಪರೆಯಿಂದ ಬಲ್ಲವನಾಗಿದ್ದನು. ಆತನ ಹೆಸರನ್ನು ಪತ್ರ ಬರೆದವರು ಉಳಿಸಲಿಲ್ಲವೆಂಬುದು ವಿಷಾದದ ಸಂಗತಿ. ಈ ವರದಿಯಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಿಯೆಯನ್ನು ನಡೆಸಿದ ತರುವಾಯ ಯುರೋಪಿನ ರೂಪಶಸ್ತ್ರವೈದ್ಯವು ಮತ್ತೆ ಚಿಗುರಿತು.

ಸ್ತನಕ್ಕೇ ಸಂಬಂಧಿಸಿದ ಮೊದಲ ಘಟ್ಟಗಳು ಸುಪರಿಚಿತವಾದವು. 1895ರಲ್ಲಿ ಹೈಡೆಲ್‌ಬರ್ಗಿನ ವಿನ್ಸೆಂಟ್ಸ್ ಚೆರ್ನಿ, ಗಂಟು ತೆಗೆದು ಬರಿದಾದ ಸ್ತನಕ್ಕೆ ರೋಗಿಯ ಮೈಯಲ್ಲೇ ಬೆಳೆದಿದ್ದ ಕೊಬ್ಬಿನ ಗಡ್ಡೆಯೊಂದನ್ನು ಸ್ಥಳಾಂತರಿಸಿದನು. ತರುವಾಯ ಬಂದ ಪ್ಯಾರಾಫಿನ್ ಮತ್ತು ದ್ರವ ಸಿಲಿಕೋನಿನ ಸೂಜಿಮದ್ದುಗಳಿಂದ ಅನೇಕ ಸ್ತ್ರೀಯರು ಜೀವಮಾನವಿಡೀ ನರಳಿದರು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬಿಬ್ಬರು ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಮೊತ್ತಮೊದಲು ಒಬ್ಬ ಸ್ತ್ರೀಯ ಎದೆಯಲ್ಲಿ ಇರಿಸಿದರು. ಆಧುನಿಕ ಸ್ತನವರ್ಧನದ ಕಾಲಗಣನೆ ಅಲ್ಲಿಂದ ಮೊದಲಾಗುತ್ತದೆ.

ಆ ವೇಳೆಗೆ ಶಸ್ತ್ರಕ್ರಿಯೆಯಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಮಲಗಿಸಿಡುವ ಪದ್ಧತಿ ಸಡಿಲವಾಗಿತ್ತು. ಷಿಕಾಗೋದ ಎಮಿಲ್ ರೀಸ್ 1899ರಲ್ಲಿಯೇ ರೋಗಿಗಳನ್ನು ಬೇಗ ಎಬ್ಬಿಸಬೇಕೆಂದು ವಾದಿಸಿದ್ದನು. ಡೇನಿಯಲ್ ಲೈಟ್‌ಹೌಸರನು 1946ರಲ್ಲಿ ಇದೇ ವಿಷಯವಾಗಿ ಗ್ರಂಥವನ್ನು ರಚಿಸಿದನು. ಮರುವರ್ಷ ಇಂಗ್ಲೆಂಡಿನ ರಿಚರ್ಡ್ ಆಷರನು ಹಾಸಿಗೆ ಹಿಡಿದು ಮಲಗುವುದರ ಅಪಾಯಗಳನ್ನು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನೂ ಸೇರಿಸಿ, ಪ್ರಸಿದ್ಧ ಲೇಖನವೊಂದರಲ್ಲಿ ವಿವರಿಸಿದನು. ಆದರೆ ಸ್ತನವರ್ಧನದಲ್ಲಿ ಚೇತರಿಕೆಯನ್ನು ದೀರ್ಘಗೊಳಿಸಿದ ಎರಡು ಕಾರಣಗಳು ಜೆಲ್ ಚೀಲ ಬಂದ ಬಳಿಕ ಸೇರಿಕೊಂಡವು. ಚೀಲದ ಸುತ್ತ ದೇಹವು ಹೆಣೆಯುವ ನಾರಿನ ಕೋಶವು ಬಿಗಿದು ಗಟ್ಟಿಯಾಗುವ ತೊಂದರೆ ಮೊದಲನೆಯದು. ಅದನ್ನು ತಡೆಯಲು ತಿಂಗಳುಗಟ್ಟಲೆ ಕೈಯಿಂದ ನೀವುವ ಅಭ್ಯಾಸವನ್ನು ವೈದ್ಯರು ವಿಧಿಸಿದರು. ಆ ತೊಂದರೆಯನ್ನು ತಗ್ಗಿಸುವುದಕ್ಕಾಗಿಯೇ ಚೀಲವನ್ನು ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಇರಿಸುವ ಪದ್ಧತಿ 1970ರ ದಶಕದಲ್ಲಿ ರೂಢಿಗೆ ಬಂದುದು ಎರಡನೆಯದು. ಸ್ನಾಯುವನ್ನು ಬಿಡಿಸಿದಾಗ ನೋವು ಹೆಚ್ಚು. ತೋಳನ್ನು ಎತ್ತಿದಾಗಲೆಲ್ಲ ಅದು ಮರುಕಳಿಸುವುದು.

ಚೇತರಿಕೆಯ ಅವಧಿಯನ್ನು ಕುರಿತ ವಿವಾದದ ಕೇಂದ್ರವು 2002ನೆಯ ಇಸವಿ. ಅಮೆರಿಕದ ಡಲಾಸ್ ನಗರದ ಜಾನ್ ಟೆಬೆಟ್ಸ್ ಎಂಬ ಶಸ್ತ್ರವೈದ್ಯನು, ಕಾರ್ಖಾನೆಗಳಲ್ಲಿ ಕೆಲಸಗಾರರ ಚಲನೆಯನ್ನೂ ವೇಳೆಯನ್ನೂ ಅಳೆಯಲು ರೂಪಿತವಾದ ವಿಧಾನವನ್ನು ಶಸ್ತ್ರಕ್ರಿಯೆಯ ಚಲಚ್ಚಿತ್ರಗಳಿಗೆ ಅನ್ವಯಿಸಿ, ಯಾವ ಚಲನೆಯಿಂದ ರಕ್ತಸ್ರಾವವಾಗುತ್ತದೆ, ಯಾವುದರಿಂದ ಪಕ್ಕೆಲುಬಿನ ಪೊರೆಗೆ ಘಾಸಿಯಾಗುತ್ತದೆ ಎಂದು ಬಿಡಿಬಿಡಿಯಾಗಿ ಪರಿಶೀಲಿಸಿ ಎರಡು ಭಾಗಗಳ ಪ್ರಬಂಧವನ್ನು ಪ್ರಕಟಿಸಿದನು. ಕಣ್ಣಿಗೆ ಕಾಣದ ಎಡೆಯಲ್ಲಿ ಬೆರಳಿನಿಂದ ಹರಿದು ಬಿಡಿಸುವುದನ್ನು ತೊರೆದು, ಪ್ರತಿಯೊಂದು ರಕ್ತನಾಳವನ್ನೂ ನೋಡಿ ಮೊದಲೇ ಸುಟ್ಟು ಮುಚ್ಚುತ್ತ ಹೋದರೆ, ಸ್ರಾವ ಹೊರತೆಗೆಯುವ ಕೊಳವೆಯಾಗಲಿ ಎದೆಗೆ ಬಿಗಿಯುವ ಪಟ್ಟಿಯಾಗಲಿ ಅಫೀಮಿನ ವರ್ಗದ ನೋವುಶಾಮಕವಾಗಲಿ ಬೇಕಾಗುವುದಿಲ್ಲವೆಂಬುದು ಆತನ ಪ್ರತಿಪಾದನೆ. ಸಾಲಾಗಿ ಚಿಕಿತ್ಸೆ ಪಡೆದ 627 ಮಂದಿಯಲ್ಲಿ ಶೇಕಡಾ 96ರಷ್ಟು ಜನರು 24 ಗಂಟೆಗಳೊಳಗೆ ತೋಳನ್ನು ತಲೆಯ ಮೇಲಕ್ಕೆತ್ತಿ, ಸಾಧಾರಣ ತೂಕದ ವಸ್ತುಗಳನ್ನು ಎತ್ತಿ, ಕಾರನ್ನು ನಡೆಸಬಲ್ಲವರಾದರೆಂದು ಆತನು ವರದಿಮಾಡಿದನು.

ಈ ವರದಿಯನ್ನು ಹೇಗೆ ಓದಬೇಕೆಂಬುದರಲ್ಲಿಯೇ ತೊಡಕಿರುವುದು. ಒಬ್ಬನೇ ವೈದ್ಯನು ತನ್ನದೇ ರೋಗಿಗಳನ್ನು ತನ್ನದೇ ಅಳತೆಗೋಲಿನಿಂದ ಅಳೆದ ಫಲಿತಾಂಶವಿದು. ಆ ಅಳತೆಗೋಲಿನಲ್ಲಿ ಶ್ರಮದ ದುಡಿಮೆಗೆ ಎಡೆಯಿರಲಿಲ್ಲ. ಆದರೂ ಮೃದುವಾದ ಹಸ್ತಕೌಶಲದಿಂದ ನೋವನ್ನು ತಗ್ಗಿಸಬಹುದೆಂಬ ಅದರ ತಿರುಳು ನಿಂತಿತು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಇತರ ಶಸ್ತ್ರಕ್ರಿಯೆಗಳಲ್ಲಿ ಬೆಳೆಸಿದ ಶೀಘ್ರ ಚೇತರಿಕೆಯ ಕ್ರಮಗಳೂ ಅದಕ್ಕೆ ಬೆಂಬಲವಾದವು. ಹಾನಿಯುಂಟಾದದ್ದು ಜಾಹೀರಾತುಗಳಿಂದ. ಇಪ್ಪತ್ತನಾಲ್ಕು ಗಂಟೆ ಎಂಬ ಮಾತನ್ನು ಮಾತ್ರ ಉಳಿಸಿಕೊಂಡು ಅದರ ನಿಬಂಧನೆಗಳನ್ನು ಅಳಿಸಿದ ಪ್ರಚಾರವು, ಮೂರನೆಯ ದಿನವೂ ನೋಯುತ್ತಿರುವ ಸ್ತ್ರೀಗೆ ತನ್ನಲ್ಲಿಯೇ ಏನೋ ಕೊರತೆಯಿದೆಯೆಂಬ ಭಾವನೆಯನ್ನು ತಂದಿತು. ಇದು ಅನ್ಯಾಯವೆಂದೇ ಹೇಳಬೇಕಾಗಿದೆ. ಏಕೆಂದರೆ ನೋವು ಬೇಗ ಅಡಗಬಹುದಾದರೂ ಗಾಯದ ಬಲವು ತನ್ನ ಗತಿಯಲ್ಲಿಯೇ ಬೆಳೆಯುವುದು: ಮೊದಲ ವಾರದ ಕೊನೆಗೆ ಅದು ಸಹಜ ಚರ್ಮದ ಬಲದಲ್ಲಿ ಅತ್ಯಲ್ಪ ಭಾಗ, ಮೂರು ವಾರಗಳಿಗೆ ಮೂರನೆಯ ಒಂದಂಶಕ್ಕೂ ಕಡಮೆ, ಆರು ವಾರಗಳ ಸುಮಾರಿಗೆ ಅರ್ಧ, ಮೂರು ತಿಂಗಳಿಗೆ ಶೇಕಡಾ 80ರ ಹತ್ತಿರ; ಅದಕ್ಕಿಂತ ಮೇಲಕ್ಕೆ ಅದು ಸಾಮಾನ್ಯವಾಗಿ ಏರುವುದಿಲ್ಲ. ಭಾರ ಎತ್ತುವುದಕ್ಕೆ ಆರು ವಾರ ತಡೆಯಿರಿ ಎಂಬ ವೈದ್ಯರ ಮಾತಿಗೆ ಆಧಾರ ಇಲ್ಲಿದೆ.

ಆ ಭಾರವೆಂಬುದು ಯಾವುದು ಎಂಬ ಪ್ರಶ್ನೆಗೆ ಊರೂರಿಗೆ ಉತ್ತರ ಬೇರೆಯಾಗುತ್ತದೆ. ಹನೂರು ತಾಲ್ಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿರುವ ಮಾರ್ಟಳ್ಳಿಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ನಗರದ ಸೂಚನಾಪತ್ರಗಳು ಮೊದಲ ಕೆಲವು ವಾರ ನಾಲ್ಕೈದು ಕಿಲೋ ಮೀರಿದ್ದನ್ನು ಎತ್ತಬೇಡಿರೆಂದು ಹೇಳಿ, ಲಘುವಾದ ಮನೆಗೆಲಸಕ್ಕೆ ಒಂದು ವಾರದಲ್ಲಿಯೇ ಅನುಮತಿ ಕೊಡುತ್ತವೆ. ಆದರೆ ಇಂಥ ಊರಿನಲ್ಲಿ ಹೆಂಗಸರು ಹೊರುವ ತುಂಬಿದ ಬಿಂದಿಗೆಯೊಂದು ಹದಿನೈದು ಕಿಲೋ ತೂಗುವುದು. ಅದನ್ನು ನೆಲದಿಂದೆತ್ತಿ ಸೊಂಟಕ್ಕೇರಿಸುವಾಗ ಎಳೆತ ಬೀಳುವುದು ಎದೆಯ ಆ ದೊಡ್ಡ ಸ್ನಾಯುವಿಗೇ. ರಾಗಿಯ ಮುದ್ದೆಯೂ ಹಾಗೆಯೇ: ಪಾತ್ರೆ ಅಲುಗದಂತೆ ಕವೆಗೋಲಿನಿಂದ ಒತ್ತಿ ಹಿಡಿದು, ಎರಡು ಕೈಯಲ್ಲಿಯೂ ಕೋಲನ್ನು ಹಿಡಿದು ಗಂಟಿಲ್ಲದಂತೆ ಹಿಟ್ಟನ್ನು ತೊಳಸುವ ಆ ಕೆಲವು ನಿಮಿಷಗಳಲ್ಲಿ ಭುಜವೂ ಎದೆಯೂ ಪಡುವ ಶ್ರಮವನ್ನು ಲಘು ಕೆಲಸವೆಂದು ಎಣಿಸಲಾಗದು. ರೇಷ್ಮೆಹುಳುವಿನ ಮನೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವುದೂ ಅರಿಸಿನದ ಹೊಲ ಅಗೆಯುವುದೂ ಇದೇ ವರ್ಗದವು. ಕೊಳ್ಳೇಗಾಲ, ಹನೂರು, ಯಳಂದೂರುಗಳ ದುಡಿಯುವ ಸ್ತ್ರೀಯು ಸ್ತನದ ಯಾವುದೇ ಶಸ್ತ್ರಕ್ರಿಯೆ ಮುಗಿಸಿಕೊಂಡು ಊರಿಗೆ ಹಿಂದಿರುಗಿದಾಗ, ಆ ಪತ್ರದ ಮೊದಲ ವಾರವನ್ನಲ್ಲ, ಆರು ವಾರದ ಸಾಲನ್ನು ತನ್ನದೆಂದು ತಿಳಿಯಬೇಕಾಗುತ್ತದೆ.

ಹಾಗೆ ಹಿಂದಿರುಗುವವರಲ್ಲಿ ಅರ್ಬುದಕ್ಕಾಗಿ ಸ್ತನವನ್ನು ತೆಗೆಸಿಕೊಂಡವರೂ ಇರುವರು. 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಜನರಿಗೆ ಈ ಚಿಕಿತ್ಸೆಯ ಮುಖ್ಯ ಆಶ್ರಯ. ಅರ್ಬುದದ ಬಳಿಕ ಮಾಡುವ ಸ್ತನಪುನರ್ನಿರ್ಮಾಣದಲ್ಲಿ, ಚರ್ಮವನ್ನು ಹಿಗ್ಗಿಸಲು ಇಡುವ ಚೀಲಕ್ಕೆ ವಾರವಾರವೂ ಲವಣಜಲವನ್ನು ತುಂಬುತ್ತ ತಿಂಗಳುಗಳನ್ನು ಕಳೆದ ಮೇಲೆ ಎರಡನೆಯ ಶಸ್ತ್ರಕ್ರಿಯೆ ನಡೆಯುವುದುಂಟು. ವಿಕಿರಣಚಿಕಿತ್ಸೆ ಸೇರಿದರೆ ಅವಧಿ ಇನ್ನೂ ಬೆಳೆಯುವುದು. ಆರೋಗ್ಯವಂತರ ಸ್ತನವರ್ಧನದ ಲೆಕ್ಕವನ್ನು ಇವರಿಗೆ ಅನ್ವಯಿಸುವುದು ಜನಪ್ರಿಯ ಬರೆಹಗಳಲ್ಲಿ ಪದೇ ಪದೇ ಕಾಣುವ ದೋಷ.

ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಚೇತರಿಕೆಗೆ ತಮ್ಮದೇ ಆದ ಪಂಚಾಂಗವೊಂದು ಹಿಂದಿನಿಂದ ಇದ್ದಿತು. ಹಿಜ್ರಾ ಸಮುದಾಯದಲ್ಲಿ ನಿರ್ವಾಣವೆಂಬ ಲಿಂಗಚ್ಛೇದನ ಕ್ರಿಯೆಯ ಅನಂತರ ನಲವತ್ತು ದಿನ ಬಾಣಂತಿಯಂತೆ ಮನೆಯೊಳಗಿದ್ದು, ಹಿರಿಯರ ಆರೈಕೆಯಲ್ಲಿ ಪಥ್ಯ ನಡೆಸಿ, ನಲವತ್ತನೆಯ ದಿನ ಅರಿಸಿನ ಹಚ್ಚಿ ಸ್ನಾನ ಮಾಡಿಸುವ ಪದ್ಧತಿಯನ್ನು ಸೆರೀನಾ ನಂದಾ 1990ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಬೆಂಗಳೂರಿನಲ್ಲಿ ಬಹುಕಾಲ ಹೋರಾಟದಲ್ಲಿದ್ದ ಎ. ರೇವತಿಯವರ ಆತ್ಮಕಥೆಯೂ ಇದಕ್ಕೆ ಸಾಕ್ಷಿ. ಸ್ತನವರ್ಧನವು ಇವರ ದೇಹಪರಿವರ್ತನೆಯ ಭಾಗವಾಗಿ ಆಸ್ಪತ್ರೆಗಳಲ್ಲಿ ನಡೆಯತೊಡಗಿರುವ ಈ ಕಾಲದಲ್ಲಿ, ಆ ನಲವತ್ತು ದಿನಗಳ ಆರೈಕೆಯು ವೈದ್ಯರ ಆರು ವಾರಗಳಿಗೆ ಬಹು ಸಮೀಪವಾಗಿರುವುದನ್ನು ಗಮನಿಸಬೇಕು.

ಸ್ತನವರ್ಧನವು ಸಿರಿವಂತರಿಗೆ ಮಾತ್ರ ಸಲ್ಲತಕ್ಕದ್ದೆಂಬ ಭಾವನೆಗೆ ಮೊದಲ ಪೆಟ್ಟು ಬಿದ್ದುದು ನೆರೆಯ ನಾಡಿನಲ್ಲಿ. 2018ರ ಫೆಬ್ರವರಿಯಲ್ಲಿ ಚೆನ್ನೈ ನಗರದ ಸರಕಾರೀ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಲ್ಲಿ ಬಡವರಿಗೆ ಉಚಿತವಾಗಿ ಸ್ತನದ ರೂಪಚಿಕಿತ್ಸೆ ನೀಡುವ ವಿಭಾಗ ತೆರೆಯಿತು. ಉಚಿತವಾಗಿ ದೊರೆಯದಿದ್ದರೆ ಬಡವರು ಸಾಲ ಮಾಡುವರು ಇಲ್ಲವೆ ಅಪಾಯದ ಹಾದಿ ಹಿಡಿಯುವರು ಎಂಬುದು ಆಗಿನ ಆರೋಗ್ಯಮಂತ್ರಿಗಳ ಸಮರ್ಥನೆ. ಪ್ರಾಣಾಪಾಯದ ರೋಗಗಳಿಗೆ ಹಣ ಸಾಲದಿರುವಾಗ ಇದೇಕೆ ಎಂಬುದು ಟೀಕಾಕಾರರ ಆಕ್ಷೇಪ. ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ಕನ್ನಡ ಕಿರುತೆರೆಯ ತರುಣ ಕಲಾವಿದೆಯೊಬ್ಬರು ಮೃತರಾದಾಗ, ರೂಪಚಿಕಿತ್ಸೆಯ ಅನಂತರದ ಮೊದಲ ಗಂಟೆಗಳ ನಿಗಾ ಎಷ್ಟು ಮುಖ್ಯವೆಂಬ ಚರ್ಚೆಗೆ ಕನ್ನಡ ಪತ್ರಿಕೆಗಳೂ ತೆರೆದುಕೊಂಡವು.

ಈಚಿನ ವರ್ಷಗಳಲ್ಲಿ ಅವಧಿಯ ಇನ್ನೊಂದು ತುದಿ ಹಿಂದಿಗಿಂತ ದೂರಕ್ಕೆ ಸರಿದಿದೆ. ಒರಟು ಮೈಯ ಚೀಲಗಳ ಸುತ್ತ ಅಪರೂಪವಾಗಿ ಹುಟ್ಟುವ ದುಗ್ಧರಸಗ್ರಂಥಿಯ ಅರ್ಬುದವೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರತ್ಯೇಕ ವ್ಯಾಧಿಯೆಂದು ಮನ್ನಿಸಿತು. 2019ರ ಜುಲೈಯಲ್ಲಿ ಅಲರ್ಗನ್ ಸಂಸ್ಥೆಯು ತನ್ನ ಬಯೋಸೆಲ್ ಚೀಲಗಳನ್ನು ಜಗತ್ತಿನ ಎಲ್ಲೆಡೆಯಿಂದ ಹಿಂದೆಗೆದುಕೊಂಡಿತು. ಈ ಅರ್ಬುದವು ಬಹುವೇಳೆ ಶಸ್ತ್ರಕ್ರಿಯೆಯಾದ ಅನೇಕ ವರ್ಷಗಳ ಮೇಲೆ, ಬಾವಿನ ರೂಪದಲ್ಲಿ ತೋರುವುದು. ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳು 2021ರಲ್ಲಿ ಹೊರಡಿಸಿದ ಆದೇಶದಂತೆ, ಈ ಚೀಲಗಳು ಜೀವಮಾನವಿಡೀ ಬಾಳುವವಲ್ಲವೆಂಬ ಎಚ್ಚರಿಕೆಯನ್ನು ಕ್ರಿಯೆಗೆ ಮುಂಚೆಯೇ ರೋಗಿಗೆ ತಿಳಿಸಬೇಕು. ಸಿಲಿಕೋನ್ ಜೆಲ್ಲಿನ ಚೀಲ ಇಟ್ಟುಕೊಂಡವರು ಐದಾರು ವರ್ಷಗಳ ಮೇಲೆ ಮೊದಲ ಸಲ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ, ಅದು ಒಳಗೆ ಒಡೆದಿದೆಯೇ ಎಂಬುದನ್ನು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮೂಲಕ ನೋಡಿಸಿಕೊಳ್ಳಬೇಕು. ಚೀಲದ ತಯಾರಕರ ಹೆಸರು, ಕ್ರಮಸಂಖ್ಯೆಗಳನ್ನು ನಮೂದಿಸಿದ ಚೀಟಿಯನ್ನು ಆಸ್ಪತ್ರೆ ಬಿಡುವ ದಿನ ಕೇಳಿ ಪಡೆದು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕೆಂಬುದು ಈ ಏರ್ಪಾಡಿನ ಅಂಗವಾಗಿದೆ.